ಸಂಗೀತದ ತೂತು

ಚಿಕ್ಕತಾಯಕ್ಕನಿಗೆ ನಮ್ಮ ಕಚೇರಿಯಲ್ಲಿ ಒಂದು ಹೊಸ್ತಿಲು ಇರಲಿಲ್ಲ. ಎಂಜಿನಿಯರ್ ಕುಬೇರಪ್ಪನವರಿಗೆ ತೇಗದ ಹೊಸ್ತಿಲಿತ್ತು. ನೀರಿನ ಬಿಲ್ಲು ಬರೆಯುವ ವನಮಾಲಮ್ಮನಿಗೆ ಕಲ್ಲಿನದು, ಸ್ಟೋರು ನೋಡಿಕೊಳ್ಳುವ ರಜಾಕಣ್ಣನಿಗೆ ಕಬ್ಬಿಣದ ಪಟ್ಟಿ ಹೊಡೆದದ್ದು. ವೈರ್‌ಮನ್ ಆದ ನನಗೂ ಮೂಲೆಯ ಗೂಡೊಂದಕ್ಕೆ ಸಿಮೆಂಟಿನ ಗೆರೆ ಎಳೆದುಕೊಟ್ಟಿದ್ದರು. ಅವಳಿಗೆ ಪಡಸಾಲೆಯಲ್ಲಿ ಒಂದು ಸ್ಟೂಲು ಮಾತ್ರ.

ನಮ್ಮೂರಲ್ಲಿ ಸದ್ದು ಹೊಸ್ತಿಲು ದಾಟುವುದಿಲ್ಲ. ಬಾಗಿಲು ತೆರೆದಿರಲಿ ಮುಚ್ಚಿರಲಿ, ತಲೆ ಯಾವ ಕಡೆ ಇದೆಯೋ ಆ ಕಡೆಯದಷ್ಟೇ ಕಿವಿಗೆ ಬೀಳುತ್ತದೆ. ಅದರಿಂದ ಯಾರಿಗೂ ಅಂಥ ತೊಂದರೆಯಿಲ್ಲ. ತೊಟ್ಟಿಲಿಗೆ ಕಟ್ಟಿದ ದಾರದ ಇನ್ನೊಂದು ತುದಿ ಅಡುಗೆಮನೆಯಲ್ಲಿ ತಾಯಿಯ ಕಾಲ್ಬೆರಳಿಗೆ ಕಟ್ಟಿರುತ್ತದೆ. ಹಾಲಿನವನು ಬಾಗಿಲ ಸಂದಿಯಲ್ಲಿ ಉದ್ದನೆಯ ಕೋಲು ತೂರಿಸಿ ತುದಿಗಿರುವ ಕೆಂಪು ಬಟ್ಟೆ ಆಡಿಸುತ್ತಾನೆ. ಮದುವೆಗೆ ವಾಲಗದವರನ್ನು ಒಳಗೆ ಕೂರಿಸಿದರೆ ಹೊರಗಿನವರಿಗೆ ಮುನಿಸು, ಹೊರಗೆ ಕೂರಿಸಿದರೆ ಒಳಗಿನವರಿಗೆ. ಉಳ್ಳವರು ಎರಡು ಮೇಳ ಕರೆಸುತ್ತಾರೆ. ಅತ್ತೆ ಬಯ್ಯಲು ಶುರುಮಾಡಿದರೆ ಸೊಸೆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರೆ ಮುಗಿಯಿತು, ಅತ್ತೆಯ ಬಾಯಿ ಆಡುವುದಷ್ಟೇ ಕಾಣುತ್ತದೆ. ನಮ್ಮೂರ ಹೆಣ್ಣುಮಕ್ಕಳನ್ನು ಬೇರೆ ಊರಿಗೆ ಕೊಟ್ಟರೆ ಬೇಗ ಸೊರಗುತ್ತಾರೆ ಎನ್ನುವುದು ಇದೇ ಕಾರಣಕ್ಕೆ.

ಬಾಯಿ ತೊಳೆಯುವುದು ಎಂಬ ಪದ್ಧತಿಯೂ ನಮ್ಮಲ್ಲಿದೆ. ಯಾರ ಮೇಲಾದರೂ ಸಿಟ್ಟು ಬಂದರೆ ನಾವು ನುಂಗಿಕೊಳ್ಳುವುದಿಲ್ಲ. ಒಳಗೆ ಹೋಗಿ, ಒಬ್ಬರೇ ನಿಂತು, ಬಾಯಿಗೆ ಬಂದದ್ದನ್ನೆಲ್ಲ ಜೋರಾಗಿ ಅಂದು ಮುಗಿಸಿ, ಮುಖ ಒರೆಸಿಕೊಂಡು ಹೊರಗೆ ಬರುತ್ತೇವೆ. "ಇರಪ್ಪ, ಬಾಯಿ ತೊಳ್ಕೊಂಡು ಬರ್ತೀನಿ" ಎಂದರೆ ಎದುರಿದ್ದವನು ಬೇಸರಿಸದೆ ಬೀಡಿ ಹಚ್ಚಿ ಕಾಯುತ್ತಾನೆ. ಆಮೇಲೆ ಇಬ್ಬರೂ ಸಮಾಧಾನವಾಗಿ ಮಾತಾಡುತ್ತಾರೆ. ಒಳಗೆ ತನ್ನ ತಾಯಿಯನ್ನೂ ಸೇರಿಸಿ ಬಯ್ದಿರುತ್ತಾನೆಂದು ಅವನಿಗೆ ಗೊತ್ತು, ಕೇಳಿಸಿರುವುದಿಲ್ಲ.

ಕಚೇರಿ ಎಂದಮೇಲೆ ಕೋಣೆಯಿಂದ ಕೋಣೆಗೆ ಮಾತು ಒಯ್ಯುವವರು ಬೇಕು. ನೀರು ಸರಬರಾಜು ಕಚೇರಿಯಲ್ಲಿ ಆ ಕೆಲಸ ಚಿಕ್ಕತಾಯಕ್ಕನದು. ನಾನು ಸೇರುವ ಎಷ್ಟೋ ವರ್ಷ ಮೊದಲಿಂದ ಅವಳು ಆ ಸ್ಟೂಲಿನ ಮೇಲಿದ್ದಳು. ಮನೆಯಲ್ಲಿ ಅವಳೊಬ್ಬಳೇ. ಈ ಕಸುಬಿಗೆ ಒಂದೇ ಕಟ್ಟಳೆ: ಒಯ್ಯುವವರು ಬಾಯಿ ತೊಳೆದದ್ದು ಯಾರ ಕಿವಿಗೂ ಬೀಳಬಾರದು. ಬಿದ್ದರೆ ಮರುದಿನದಿಂದ ಅವರ ಕೈಗೆ ಯಾರೂ ಮಾತು ಕೊಡುವುದಿಲ್ಲ. ಚಿಕ್ಕತಾಯಕ್ಕ ದಿನವಿಡೀ ತುಂಬಿಕೊಂಡದ್ದನ್ನು ಸಂಜೆ ಮನೆಗೆ ಹೊತ್ತು ನಡೆಯುತ್ತಿದ್ದಳು. ದಾರಿಯಲ್ಲಿ ಯಾರು ಮಾತಾಡಿಸಿದರೂ ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸುತ್ತಿದ್ದಳು, ಎಲೆಯಡಿಕೆಯ ರಸ ತುಂಬಿಕೊಂಡವರ ಹಾಗೆ.

ಅವಳು ಸುಳ್ಳು ಹೇಳುತ್ತಾಳೆಂದು ನನಗೆ ಗೊತ್ತಾದದ್ದು ಟೆಲಿಫೋನಿನ ತಂತಿ ಎಳೆಯುವಾಗ. ಮೇಲಿನ ಕಚೇರಿಯಿಂದ ಒಂದು ಬೂದು ಪೆಟ್ಟಿಗೆ ಬಂದಿತ್ತು, ಡಿಜಿಟಲ್ ಟೆಲಿಫೋನು ವ್ಯವಸ್ಥೆ. ಪ್ರತಿ ಕೋಣೆಗೂ ಒಂದು ಫೋನು. ತಂತಿಯಲ್ಲಿ ಹೋಗುವುದು ಸದ್ದಲ್ಲವಲ್ಲ, ಹೊಸ್ತಿಲಿಗೆ ತಿಳಿಯುವುದಿಲ್ಲ. ನಾನು ಕುಬೇರಪ್ಪನವರ ಗೋಡೆಗೆ ರಂಧ್ರ ಕೊರೆಯುತ್ತಿದ್ದೆ. ಅವರು ಬಿಲ್ಲಿನ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದರು. "ಚಿಕ್ಕತಾಯಮ್ಮ, ಆ ವನಮಾಲಾಗೆ ಹೇಳು, ಎಮ್ಮೆ ಕೂಡ ಇದಕ್ಕಿಂತ ಚೆನ್ನಾಗಿ ಕೂಡಿಸ್ತದೆ." ನಾನು ತಂತಿಯ ಸುರುಳಿ ಹಿಡಿದು ಅವಳ ಹಿಂದೆಯೇ ವನಮಾಲಮ್ಮನ ಕೋಣೆಗೆ ಹೋದೆ. ಅಲ್ಲಿ ಅವಳು ಕಟ್ಟನ್ನು ಮೆಲ್ಲಗೆ ಇಟ್ಟು, "ಸಾಹೇಬ್ರಿಗೆ ಇದೊಂದು ಕಡೆ ಲೆಕ್ಕ ಹತ್ತುತಾ ಇಲ್ವಂತೆ. ನಿಮ್ಮ ಕೈಲೇ ಒಂದ್ಸಲ ನೋಡಿಸ್ಕೊಂಡು ಬಾ ಅಂದ್ರು" ಎಂದಳು. ವನಮಾಲಮ್ಮ ಒಂದು ಅಂಕಿ ತಿದ್ದಿದರು. "ಆ ಗೂಬೆಗೆ ಹೇಳು, ಕನ್ನಡಕ ಹಾಕ್ಕೊಂಡು ನೋಡಬೇಕು ಅಂತ." ವಾಪಸು ಹೋಗಿ ಅವಳು ಹೇಳಿದ್ದು, "ಸರಿಮಾಡಿದಾರೆ ಸಾಹೇಬ್ರೇ. ನಿಮ್ಮ ಕಣ್ಣಿಗೆ ಬಿದ್ದದ್ದು ಒಳ್ಳೇದಾಯ್ತು ಅಂದ್ರು."

ಪಡಸಾಲೆಯಲ್ಲಿ ಹಿಡಿದು ಕೇಳಿದೆ. "ಅಕ್ಕ, ಅವರಿಬ್ಬರೂ ಹಾಗೆ ಹೇಳಲಿಲ್ಲವಲ್ಲ?" ಅವಳು ಸೆರಗಿನಿಂದ ಸ್ಟೂಲು ಒರೆಸಿ ಕೂತಳು. "ಗವಿಸಿದ್ಧ, ನೀನು ಕೊಳಾಯಿ ನೀರನ್ನ ಹಾಗೇ ಕುಡೀತೀಯಾ, ಸೋಸ್ಕೊಂಡು ಕುಡೀತೀಯಾ?" "ಸೋಸಿ." "ಮತ್ತೆ? ಹೋಗು, ನಿನ್ನ ತಂತಿ ಎಳಿ." ಸುಳ್ಳು ಸುಳ್ಳೇ, ಅದನ್ನು ಸುತ್ತಿ ಹೇಳುವುದರಲ್ಲಿ ಅರ್ಥವಿಲ್ಲ. ಆದರೆ ಆ ಕಚೇರಿಯಲ್ಲಿ ಮೂರು ಜನ ಒಬ್ಬರನ್ನೊಬ್ಬರು ಒಳ್ಳೆಯವರೆಂದು ನಂಬಿ ಹಬ್ಬಕ್ಕೆ ಹೋಳಿಗೆ, ಸುರಕುಂಬಾ ಹಂಚಿಕೊಳ್ಳುತ್ತಿದ್ದದ್ದು ಆ ಸುಳ್ಳಿನ ಮೇಲೆ.

ಫೋನು ಬಂದಮೇಲೆ ಮಾತು ಒಯ್ಯುವ ಹುದ್ದೆ ಇರುವುದಿಲ್ಲ ಎಂದು ಮೇಲಿನವರ ಆದೇಶ. ಅದನ್ನು ರಜಾಕಣ್ಣನಿಗೆ ತಿಳಿಸಲು ಕುಬೇರಪ್ಪನವರು ಚಿಕ್ಕತಾಯಕ್ಕನ ಕೈಯಲ್ಲೇ ಹೇಳಿಕಳಿಸಿದರು. ಅವರಲ್ಲಿ ಕೆಡುಕಿರಲಿಲ್ಲ, ಅಭ್ಯಾಸ. "ಫೋನು ಶುರುವಾದ ದಿನ ಮುದುಕಿಯ ಸ್ಟೂಲು ಸ್ಟೋರಿಗೆ ಎತ್ತಿಹಾಕಲಿ ಅಂತ ಹೇಳು." ಅವಳು ಪಡಸಾಲೆಯ ನಡುವೆ ಒಂದು ಗಳಿಗೆ ನಿಂತಳು. ಆಮೇಲೆ ಸ್ಟೋರಿನ ಹೊಸ್ತಿಲು ದಾಟಿ, ಏಣಿ ತರಲು ಸಾಹೇಬರ ಕೋಣೆಯಿಂದ ಅವಳ ಹಿಂದೆಯೇ ಬಂದಿದ್ದ ನನ್ನೆದುರೇ, "ರಜಾಕಣ್ಣ, ಫೋನು ಶುರುವಾದ ದಿನದಿಂದ ಚಿಕ್ಕತಾಯಮ್ಮನಿಗೆ ಸ್ಟೂಲು ಬೇಡ, ಕುರ್ಚಿ ನೋಡು ಅಂದ್ರು ಸಾಹೇಬ್ರು" ಎಂದಳು. ರಜಾಕಣ್ಣ ಖುಷಿಯಾಗಿ ತಲೆ ಎತ್ತಿದರು. "ಮಾಷಾ ಅಲ್ಲಾ! ಕೈ ಇರೋದೋ, ಇಲ್ಲದ್ದೋ?" "ಕೈ ಇರೋದೇ ಅಂದ್ರು." "ಎಲ್ಲಿ ಹಾಕಿಸಲಿ?" ಅವಳಿಗೆ ಅದು ಹೊಳೆದಿರಲಿಲ್ಲ. "ಅದೇನೋ ಪೆಟ್ಟಿಗೆ ಕೋಣೆ ಅಂದ್ರಪ್ಪ" ಎಂದು ನನ್ನ ಕಡೆ ನೋಡದೆ ಹೊರಟಳು.

ಹೀಗೆ ಬೂದು ಪೆಟ್ಟಿಗೆಯನ್ನು ಗೋಡೆಗೆ ತಿರುಪು ಹಾಕಿದ್ದ ಕಿರುಕೋಣೆಗೆ ಕೈಯಿರುವ ಒಂದು ಕುರ್ಚಿ ಬಂತು. ಆ ಕೋಣೆಗೆ ಹೊಸ್ತಿಲಿತ್ತು. ಕುಬೇರಪ್ಪನವರು ನೋಡಿ, ಪೆಟ್ಟಿಗೆಯ ಜೊತೆ ಮೇಲಿನವರೇ ಕಳಿಸಿದ ಕುರ್ಚಿ ಎಂದುಕೊಂಡರು. ಅದರಲ್ಲಿ ಕೂತಿದ್ದವಳನ್ನು ಕಂಡು, ತಿಂಗಳ ಕೊನೆಯವರೆಗೆ ಸಂಬಳ ಇದೆಯಲ್ಲ, ಇರಲಿ ಎಂದುಕೊಂಡರು.

ಫೋನು ಶುರುವಾದ ದಿನ ಕಚೇರಿ ಎಕ್ಕುಟ್ಟಿಹೋಯಿತು. ಎಮ್ಮೆ ನೇರವಾಗಿ ವನಮಾಲಮ್ಮನ ಕಿವಿಗೆ ಹೋಯಿತು, ಗೂಬೆ ಕುಬೇರಪ್ಪನವರ ಕಿವಿಗೆ. ರಜಾಕಣ್ಣ ತಮ್ಮನ್ನು ತುಕ್ಕು ಹಿಡಿದ ನಲ್ಲಿ ಎಂದು ಯಾರೋ ಕರೆದದ್ದನ್ನು ಮೊದಲ ಸಲ ಕೇಳಿ ಮಧ್ಯಾಹ್ನದ ಊಟ ಬಿಟ್ಟರು. "ಚಿಕ್ಕತಾಯಿ, ಈ ಮಿಷನ್ನು ಮಾತು ಕೆಡಿಸ್ತದೆ" ಎಂದು ಅವರು ದೂರಿದರು. "ಸಾಹೇಬ್ರು ಅಂಥ ಮನುಷ್ಯರೇ ಅಲ್ಲ, ನೀನೇ ಎಷ್ಟು ಸಲ ತಂದು ಹೇಳಿದೀಯ!" ಚಿಕ್ಕತಾಯಕ್ಕ ಹೌದೆಂದು ತಲೆಯಾಡಿಸಿದಳು.

ಸಾಯಂಕಾಲದ ಹೊತ್ತಿಗೆ ಎಲ್ಲರೂ ಕಾಯಿಸುವ ಗುಂಡಿಯನ್ನು ಕಂಡುಹಿಡಿದಿದ್ದರು. ಅದನ್ನು ಒತ್ತಿದರೆ ಆ ತುದಿಯವರು ಕಾಯುತ್ತಾರೆ, ಈ ತುದಿಯವರು ಮಾತಾಡಬೇಕಾಗಿಲ್ಲ. ಆದರೆ ಕಾಯುವವರಿಗೆ ಏನೂ ಕೇಳಿಸದೆ ಹೆದರಿಕೆ. ಮೌನ ನಮಗೆ ಹೊಸ್ತಿಲಿನಲ್ಲಿ ಅಭ್ಯಾಸ, ಕಿವಿಗೆ ಒತ್ತಿ ಹಿಡಿದದ್ದರಲ್ಲಿ ಅಲ್ಲ. ಕೆಳಬೀದಿಯ ಮುದುಕಿಯೊಬ್ಬಳು ನೀರು ಬಂದಿಲ್ಲವೆಂದು ಫೋನು ಮಾಡಿ, ಕಾಯಿಸಿದ್ದಕ್ಕೆ, ತನಗೆ ಕಿವುಡು ಬಂತೆಂದು ವೈದ್ಯರ ಮನೆಗೆ ಓಡಿದ್ದಳು.

ಪೆಟ್ಟಿಗೆಯ ಕೆಳಸಾಲಿನಲ್ಲಿ ಫೋನಿನದ್ದಲ್ಲದ ಕೆಲವು ತೂತುಗಳಿದ್ದವು. ಹೊರಗಿನ ಸಾಮಾನು ಜೋಡಿಸಲು: ಒಂದಕ್ಕೆ ದೊಡ್ಡ ಗಂಟೆ, ಒಂದಕ್ಕೆ ಬಾಗಿಲ ಫೋನು, ಒಂದು ಕಾಯುವವರಿಗೆ ಕೇಳಿಸುವ ಸಂಗೀತಕ್ಕೆ. ಗಂಟೆಯನ್ನು ನೇರವಾಗಿ ಸಿಕ್ಕಿಸಿ ಒಮ್ಮೆ ಫ್ಯೂಸು ಹಾರಿಸಿಕೊಂಡೆ. ಪೆಟ್ಟಿಗೆ ಗಂಟೆಗೆ ಕರೆಂಟು ಕೊಡುವುದಿಲ್ಲ, ಎರಡು ತಂತಿಯ ತುದಿಗಳನ್ನು ಮುಟ್ಟಿಸುತ್ತದೆ ಅಷ್ಟೆ. ಗಂಟೆಗೆ ಬೇರೆ ಕರೆಂಟು ಎಳೆಯಬೇಕು. ಅದನ್ನು ಕಲಿತಮೇಲೆ ಸಂಗೀತದ ತೂತಿಗೆ ಒಂದು ಹಳೆಯ ಟೇಪ್‌ರೆಕಾರ್ಡರು ಹಾಕಿದೆ. ಅದು ಕ್ಯಾಸೆಟ್ಟಿನ ಟೇಪನ್ನು ಸಿಕ್ಕುಸಿಕ್ಕಾಗಿ ನುಂಗಿ ನಿಂತಿತು.

ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಚಿಕ್ಕತಾಯಕ್ಕ ಕೇಳಿದಳು, "ಆ ತೂತಿಗೆ ಹಾಕಿದ್ದು ಯಾರಿಗೆ ಕೇಳಿಸ್ತದೆ?" "ಕಾಯೋರಿಗೆಲ್ಲ." "ಅವರು ಅಂದದ್ದು ಇಲ್ಲಿಗೆ?" "ಕೇಳಿಸಲ್ಲ. ಅದು ತಗೊಳ್ಳೋ ತೂತು, ಕೊಡೋದಲ್ಲ." ಅವಳು ಕುರ್ಚಿ ಮುಂದಕ್ಕೆಳೆದುಕೊಂಡಳು. "ಹಂಗಾದ್ರೆ ಅದಕ್ಕೆ ನನ್ನ ಹಾಕು." ನಾನು ನಕ್ಕೆ. ಅವಳು ನಗಲಿಲ್ಲ. "ಮನೇಗೆ ಹೋಗಿ ಗೋಡೆ ಜೊತೆ ಮಾತಾಡ್ಲಾ, ಮಗ? ಆ ಡಬ್ಬ ಒಂದು ಸಾಮಾನು ಅಂದ್ರೆ ನಾನೂ ಒಂದು ಸಾಮಾನು. ಹಾಕಿ ನೋಡು."

ಶಾಮಿಯಾನದ ಅಂಗಡಿಯಿಂದ ಮೈಕು ತಂದೆ. ನಡುವೆ ಪುಟ್ಟ ಆಂಪ್ಲಿಫೈಯರ್ ಇಟ್ಟು, ಗೊರಗೊರ ಬರದಂತೆ ಹೆಣಿಗೆಯ ಹೊದಿಕೆಯಿರುವ ತಂತಿ ಎಳೆದು, ಮೈಕಿನ ಕಾಲಿಗೆ ಒಂದು ಸ್ವಿಚ್ಚು ಕೂರಿಸಿದೆ. "ಮಾತಾಡೋವಾಗ ಕೆಳಗೆ, ಮುಗಿದಮೇಲೆ ಮೇಲೆ" ಎಂದೆ. ಆಯಿತು ಎಂದಳು.

ಬೆಳಿಗ್ಗೆ ಅವಳು ಎಲ್ಲ ಕೋಣೆಗಳಿಗೂ ಒಂದು ಸುತ್ತು ಹೋಗಿ ಮುಖ ನೋಡಿ ಬರುತ್ತಿದ್ದಳು. ಅವರು ಅಭ್ಯಾಸದಂತೆ ಅವಳ ಕೈಗೆ ಮಾತು ಕೊಡುತ್ತಲೇ ಇದ್ದರು, "ಹೇಳು ಅವನಿಗೆ", "ಹೇಳು ಅವಳಿಗೆ". ಅವಳು ತನ್ನ ಕುರ್ಚಿಗೆ ಬಂದು ಮೈಕಿಗೆ ಹೇಳುತ್ತಿದ್ದಳು. "ಸಾಹೇಬ್ರಿಗೆ ಇವತ್ತು ದವಡೆ ನೋವು, ಸಿಟ್ಟಲ್ಲ. ಗಟ್ಟಿ ಮಾತಾಡಿದ್ರೆ ನೋವು ಅಂತ ತಿಳ್ಕೊಳ್ಳಿ. ವನಮಾಲಮ್ಮನೋರು ರಾತ್ರಿಯೆಲ್ಲ ಮೊಮ್ಮಗೂನ ಎತ್ಕೊಂಡಿದ್ರು, ಒಂದಂಕಿ ಆಚೆ ಈಚೆ ಆದೀತು. ರಜಾಕಣ್ಣ ಇಲ್ಲ ಅಂದ ಪೈಪು ಸಂಜೆ ಒಳಗೆ ಸಿಗ್ತದೆ, ಒಂದೇ ಸಲಕ್ಕೆ ಇದೆ ಅಂದ್ರೆ ಅದರ ಬೆಲೆ ಹೋಗ್ತದೆ ಅಂತ ಅವನ ಲೆಕ್ಕ. ಮೇಲ್ಬೀದಿಯೋರು ಕೊಡ ತೊಳೆದಿಟ್ಕೊಳ್ಳಿ, ವಾಲ್ವು ತಿರುಗಿಸೋಕೆ ಈಗ ಹೋದ್ರು."

ಕಾಯುವ ಹೊತ್ತು ಮುಗಿದು ಮಾತು ಶುರುವಾಗುವಾಗ ದನಿಗಳು ಅರ್ಧ ಇಳಿದಿರುತ್ತಿದ್ದವು. ರಜಾಕಣ್ಣ ಮತ್ತೆ ಊಟ ಮಾಡತೊಡಗಿದರು. ಊರಿನವರಂತೂ, "ಸಾಹೇಬ್ರು ಬೇಡ, ಕಾಯ್ಸಿ, ಅಷ್ಟು ಸಾಕು" ಎಂದು ಫೋನು ಮಾಡತೊಡಗಿದರು. ನೀರು ಬಂದ ಮನೆಯವರೂ ಮಾಡುತ್ತಿದ್ದರು. ಕಾಯದೆಯೂ ಕೇಳುವಂತಾಗಲಿ ಎಂದು ಕುಬೇರಪ್ಪನವರೇ ನನ್ನಿಂದ ಪ್ರತಿ ಫೋನಿನಲ್ಲೂ ಒಂದು ಗುಂಡಿ ಹೊಂದಿಸಿಕೊಂಡರು. ಒತ್ತಿಟ್ಟರೆ ಚಿಕ್ಕತಾಯಕ್ಕ ಮೇಜಿನ ಮೂಲೆಯಿಂದ ಸಣ್ಣದಾಗಿ ದಿನವಿಡೀ ಮಾತಾಡುತ್ತಿರುತ್ತಾಳೆ. "ಇದೇನು, ಸಂಗೀತದ ಬದಲಿಗಾ?" ಎಂದರು. ಹೌದೆಂದೆ. "ತಾಳ ತಪ್ಪಲ್ಲ ಮುದುಕಿ" ಎಂದರು. ಹುದ್ದೆಯನ್ನು ಉಳಿಸಬೇಕೆಂದು ಮೇಲಿನವರಿಗೆ ಶಿಫಾರಸು ಬರೆಯುತ್ತೇನೆ, ತಿಂಗಳ ಕೊನೆಗೆ ಸಹಿ ಮಾಡುತ್ತೇನೆ ಎಂದರು. ಅದನ್ನು ಅವಳಿಗೆ ನಾನೇ ಒಯ್ದು ಹೇಳಿದೆ. ಸೋಸುವ ಅಗತ್ಯ ಬೀಳಲಿಲ್ಲ.

ಆ ಸಹಿ ಬೀಳುವ ಮೊದಲು ಮೇಲಿನ ಟ್ಯಾಂಕಿನ ದೊಡ್ಡ ಪೈಪು ಒಡೆಯಿತು. ಊರಿನ ಮುಕ್ಕಾಲು ಭಾಗಕ್ಕೆ ನೀರಿಲ್ಲ. ತಪ್ಪು ಯಾರದೆಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗೂ ಬೇರೆ ಬೇರೆ ಗೊತ್ತಿತ್ತು. ಚಿಕ್ಕತಾಯಕ್ಕ ಸುತ್ತು ಹೋದಾಗೆಲ್ಲ ಅವಳ ಕೈಗೆ ಸಿಕ್ಕಿದ್ದು ಬೆಂಕಿ. ಅವಳು ಅದನ್ನೆಲ್ಲ ತಣ್ಣಗೆ ಮಾಡಿ ಮೈಕಿಗೆ ಹೇಳುತ್ತ, ಮತ್ತೆ ಸುತ್ತು ಹೋಗುತ್ತ, ಮಧ್ಯಾಹ್ನ ಕಳೆಯುವ ಹೊತ್ತಿಗೆ ತುಟಿ ಬಿಗಿದುಕೊಂಡಿದ್ದಳು. ಮನೆ ಮುಟ್ಟುವವರೆಗೆ ತಡೆಯುವಷ್ಟು ಜಾಗ ಅವಳಲ್ಲಿ ಉಳಿದಿರಲಿಲ್ಲ. ಮನೆವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಈಗ ಅವಳಿಗೊಂದು ಕೋಣೆಯಿತ್ತು. ಒಳಗೆ ಬಂದಳು, ಬಾಗಿಲು ಹಾಕಿದಳು. ಹೊಸ್ತಿಲು ದಾಟಿದವಳಿಗೆ ಸ್ವಿಚ್ಚು ಯಾತಕ್ಕೆ? ನಮ್ಮೂರಲ್ಲಿ ಹುಟ್ಟಿದ ಯಾರಾದರೂ ಅದನ್ನೇ ಮಾಡುತ್ತಿದ್ದರು.

ನಾನು ವನಮಾಲಮ್ಮನ ಕೋಣೆಯಲ್ಲಿ ಸಡಿಲಾದ ತಂತಿ ಬಿಗಿಯುತ್ತಿದ್ದೆ. ಮೇಜಿನ ಫೋನಿನಿಂದ ಚಿಕ್ಕತಾಯಕ್ಕನ ದನಿ ಬಂತು. ಎಂದಿನ ದನಿಯಲ್ಲ. ಅಂಚೆಯವನು ಕಾಗದ ಹಂಚುವ ಹಾಗೆ, ಒಂದೊಂದನ್ನೂ ಹೆಸರು ಹಿಡಿದು ಕೆಳಗೆ ಇಡುತ್ತಿದ್ದಳು. "ಎಮ್ಮೆ ಕೂಡ ಇದಕ್ಕಿಂತ ಚೆನ್ನಾಗಿ ಕೂಡಿಸ್ತದೆ. ಕುಬೇರಪ್ಪ, ವನಮಾಲಂಗೆ. ಗೂಬೆ ಕಣ್ಣಿಗೆ ಹಗಲು ಕಾಣಲ್ಲ. ವನಮಾಲ, ಕುಬೇರಪ್ಪಂಗೆ. ಸಾಬಿ ಪೈಪು ಕೊಡಲ್ಲ, ಗೋರಿಗೆ ಹಾಸ್ಕೊತಾನೆ. ವನಮಾಲ, ರಜಾಕಂಗೆ. ಇಬ್ಬರನ್ನೂ ಟ್ಯಾಂಕಿಗೆ ಹಾಕಿ ಮುಚ್ಚಳ ಮುಚ್ಚಬೇಕು. ರಜಾಕ, ಇಬ್ರಿಗೂ." ವನಮಾಲಮ್ಮ ಪೆನ್ನು ಹಿಡಿದು ಹಾಗೇ ಕೂತಿದ್ದರು. ಇವತ್ತಿನದರ ಜೊತೆ ಹಳೆಯವೂ ಬೆರೆತು ಬಂದವು, ಸರಿಯಾಗಿ ತೊಳೆಯದೆ ಉಳಿದಿದ್ದವು ಇರಬೇಕು. "ಮುದುಕಿ ಸ್ಟೂಲು ಸ್ಟೋರಿಗೆ ಎತ್ತಿಹಾಕಲಿ. ಕುಬೇರಪ್ಪ, ರಜಾಕಂಗೆ."

ಊರಿನ ಕರೆಯೊಂದು ಕಾಯುತ್ತಿತ್ತು. ಹೇಗಾದರೂ ಮಾಡಿ ಇದನ್ನು ನಿಲ್ಲಿಸಬೇಕೆಂದು ವನಮಾಲಮ್ಮ ರಿಸೀವರ್ ಎತ್ತಿ "ಹಲೋ" ಎಂದರು. ಆ ಕಡೆಯ ಹೆಂಗಸು, "ಅಯ್ಯೋ ಮಧ್ಯದಲ್ಲಿ ಬರಬೇಡ್ರಮ್ಮ, ಇನ್ನೂ ಹೇಳ್ತಾ ಅವಳೆ!" ಎಂದಳು.

ನಾನು ಓಡಿದೆ. ಹೊಸ್ತಿಲು ದಾಟಿದ ಕೂಡಲೇ ಪಡಸಾಲೆ ಯಾವಾಗಿನಂತೆ ತಣ್ಣಗಿತ್ತು. ಅವಳ ಬಾಗಿಲು ತಳ್ಳಿ ಸ್ವಿಚ್ಚನ್ನು ಮೇಲಕ್ಕೆತ್ತಿದೆ. ಅವಳು ನನ್ನ ಕೈಯನ್ನು ನೋಡಿದಳು, ಸ್ವಿಚ್ಚನ್ನು ನೋಡಿದಳು. "ಎಷ್ಟು ಕೇಳಿಸ್ತು?" "ಎಲ್ಲ." "ಊರಿಗೂ?" "ಊರಿಗೂ." ಅವಳು ಮುಖ ಒರೆಸಿಕೊಂಡಳು. ಬಾಯಿ ತೊಳೆದಮೇಲೆ ಒರೆಸಿಕೊಳ್ಳಲೇಬೇಕಲ್ಲ.

ಮೂವರೂ ಪಡಸಾಲೆಗೆ ಬಂದಿದ್ದರು. ಒಟ್ಟಿಗೆ ಅಲ್ಲಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಡಸಾಲೆಯಲ್ಲಿ ಆಡಿದ್ದು ಅಲ್ಲಿದ್ದವರಿಗೆಲ್ಲ ಕೇಳುತ್ತದೆಂದು ಅವರು ಅಲ್ಲಿ ಮಾತಾಡುವ ವಾಡಿಕೆ ಇರಲಿಲ್ಲ. ಕುಬೇರಪ್ಪನವರು ಗೋಡೆ ನೋಡುತ್ತ, "ಎಮ್ಮೆ ಅಂದದ್ದು ಹೌದು" ಎಂದರು. "ಗೂಬೆ ಅಂದದ್ದೂ ಹೌದು" ಎಂದರು ವನಮಾಲಮ್ಮ. "ಬೋಳುತಲೆ ಗೂಬೆ ಅಂದಿದ್ದೆ. ಬೋಳುತಲೆ ಅನ್ನೋದನ್ನ ಅಕ್ಕ ತೊಳೆಯುವಾಗಲೂ ಬಿಟ್ಟುಬಿಟ್ಟಿದಾಳೆ." ರಜಾಕಣ್ಣನಿಗೆ ನಗು ಬಂದು ಕೆಮ್ಮಾಯಿತು. "ಟ್ಯಾಂಕಿನ ಮಾತು ನನ್ನದೇ. ಆದ್ರೆ ಕುರ್ಚಿ ನಾನು ವಾಪಸ್ ತಗೊಳ್ಳಲ್ಲ ಸಾಹೇಬ್ರೇ. ನಾನು ಕೊಟ್ಟದ್ದು ಕೊಟ್ಟದ್ದೇ."

ಚಿಕ್ಕತಾಯಕ್ಕ ಬಾಗಿಲಲ್ಲಿ ನಿಂತಿದ್ದಳು. "ಸಹಿ ಮಾಡಬೇಡಿ ಸಾಹೇಬ್ರೇ. ಇನ್ನು ನನ್ನ ಕೈಗೆ ಯಾರು ಮಾತು ಕೊಡ್ತಾರೆ?" "ನಾನು ಕೊಡ್ತೀನಿ!" ಎಂದರು ವನಮಾಲಮ್ಮ, ಜಗಳಕ್ಕೆ ಬಂದವರಂತೆ. "ಈಗಲೇ ಕೊಡ್ತೀನಿ, ತಗೋ. ಸಾಹೇಬ್ರಿಗೆ ಹೇಳು..." ಎಂದು ಬಾಯಿ ತೆರೆದರು. ನಾಲ್ಕು ಜೊತೆ ಕಣ್ಣುಗಳು ಅವರ ಮೇಲಿದ್ದವು. ಅವರು ಸೆರಗು ಸರಿಮಾಡಿಕೊಂಡರು. "ಪೈಪು ಒಡೆದ ಕಡೆಯ ನಕಾಶೆ ಸಿಕ್ಕಿದೆ, ಬಿಡುವಾದಾಗ ಒಂದ್ಸಲ ನೋಡ್ಬೇಕು ಅಂತ ಹೇಳು." ಕುಬೇರಪ್ಪನವರು, "ಈಗಲೇ ಬರ್ತೀನಿ ಅಂತ ಹೇಳಮ್ಮ" ಎಂದರು. ಚಿಕ್ಕತಾಯಕ್ಕ ಇಬ್ಬರನ್ನೂ ನೋಡಿದಳು. ಅಕ್ಕಿಯಲ್ಲಿ ಕಲ್ಲಿದೆಯೇ ಎಂದು ಅಂಗೈಯಲ್ಲಿ ಹರಡಿ ನೋಡುವವರ ಹಾಗೆ ಆ ಮಾತುಗಳನ್ನು ಒಂದು ಗಳಿಗೆ ಹಿಡಿದು ನೋಡಿದಳು.

"ಇಷ್ಟು ಚೊಕ್ಕ ಇರೋದನ್ನ ಒಯ್ಯೋಕೆ ನಾನ್ಯಾಕ್ರಪ್ಪ? ಫೋನಲ್ಲೇ ಹೇಳ್ಕೊಳ್ಳಿ" ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಎಲೆಯಡಿಕೆ ಚೀಲ ತೆಗೆದುಕೊಂಡು ಹೊರಟಳು. ರಜಾಕಣ್ಣ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಅವಳ ಹಿಂದೆ ಹೋದರು. ಬೀದಿಯ ಕೊನೆಯವರೆಗೂ ಅವರಿಬ್ಬರೂ ಏನೋ ಮಾತಾಡುತ್ತಲೇ ಇದ್ದರು. ಅವಳು ತುಟಿ ಬಿಗಿದುಕೊಂಡಿರಲಿಲ್ಲ.

ಕುಬೇರಪ್ಪನವರು ನಕಾಶೆ ನೋಡಲು ಹೋದಾಗ ವನಮಾಲಮ್ಮ, "ಒಂದು ಕೇಳ್ತೀನಿ ಸರ್, ಬೇಜಾರಾಗಬೇಡಿ" ಎಂದರು. "ಹೋದ ಯುಗಾದಿಗೆ ನನ್ನ ಕೈಬರಹ ಮುತ್ತಿನ ಹಾಗಿದೆ ಅಂತ ಹೇಳಿಕಳಿಸಿದ್ರಿ. ಅದು?" ಅವರು ನಕಾಶೆಯನ್ನು ನೋಡುತ್ತಲೇ ಇದ್ದರು. "ನಾನು ಅಂದಿರಲಿಲ್ಲಮ್ಮ" ಎಂದರು. ಆಮೇಲೆ, "ಅನ್ನಬಹುದಿತ್ತು" ಎಂದರು. "ಇರಲಿ ಬಿಡಿ" ಎಂದರು ವನಮಾಲಮ್ಮ. ಯುಗಾದಿಯಿಂದ ಅವರು ಪ್ರತಿ ಬಿಲ್ಲನ್ನೂ ಎರಡೆರಡು ಸಲ ಬರೆದು ಚೆನ್ನಾಗಿ ಬಂದದ್ದನ್ನು ಕಳಿಸುತ್ತಿದ್ದರೆಂದು ಊರಿಗೇ ಗೊತ್ತಿತ್ತು.

ಸಂಗೀತದ ತೂತಿಗೆ ನಾನು ಬೇರೆ ಟೇಪ್‌ರೆಕಾರ್ಡರು ಹಾಕಿದೆ, ಅದು ಸರಿಯಾಗಿ ಓಡುತ್ತದೆ. ಆ ತಿಂಗಳು ನಮ್ಮ ಕಚೇರಿಯಲ್ಲಿ ಕಡಿಮೆಯಾದದ್ದು ಇಷ್ಟು: ಒಂದು ಹುದ್ದೆ, ಕೈಯಿರುವ ಒಂದು ಕುರ್ಚಿ, ಊರಿನಿಂದ ಬರುತ್ತಿದ್ದ ಕರೆಗಳಲ್ಲಿ ಅರ್ಧ, ವನಮಾಲಮ್ಮನ ಕೈಬರಹದ ಬಗ್ಗೆ ಒಂದು ಒಳ್ಳೆಯ ಮಾತು.